ಆಗಾಗ ಬರ್ತಾ ಇರಿ

“ಗುರುಗಳೇ, ಏನೂ ಕಡಿಮೆ ಮಾಡದಿದ್ದರೂ ಕೆಲಸದವನು ಮುನಿಯುವುದೇಕೆ?” ಎಂದು ಶಾಂತಮಲ್ಲ ಕೇಳಿದ. ಅವನು ಕಾಫಿ ರಫ್ತು ಮಾಡುವ ಸಂಸ್ಥೆಯೊಂದರ ಮೇಲಧಿಕಾರಿ. “ನಮ್ಮ ವಾಗೀಶ ಪದೇ ಪದೇ ಪರದೇಶಕ್ಕೆ ಹೋಗಿ ಬರುವವನು. ಅವನ ಸಂಸಾರವನ್ನು ನಾವು ಊರು ಬಿಡಿಸಿಲ್ಲ. ಹೊರಡುವಾಗಲೆಲ್ಲ ‘ಹೋಗಿ ಬರುತ್ತೇನೆ ಸಾರ್’ ಎಂದು ನಗುನಗುತ್ತಲೇ ಹೊರಡುತ್ತಿದ್ದ. ಈಗ ಕೆಲಸವನ್ನೇ ಬಿಡುತ್ತೇನೆ ಎನ್ನುತ್ತಾನೆ. ಅವನು ಹೋದರೆ ನನ್ನ ಬಲಗೈ ಮುರಿದ ಹಾಗೆ.”

ಗುರುಗಳು ನಕ್ಕರು. “ಮುರಿಯುವುದು ನಿನ್ನ ಕೈ, ಅಲ್ಲವೇ? ಕುಳಿತುಕೋ” ಎಂದು ಕತೆ ಹೇಳಿದರು.

ಕಡಲ ತೀರದ ಊರಿನಲ್ಲಿ ಒಬ್ಬ ಮೆಣಸಿನ ವ್ಯಾಪಾರಿಯಿದ್ದ. ಅವನ ಗುಮಾಸ್ತ ಹಡಗು ಹತ್ತಿ ಆಚೆ ದಡದ ಬಂದರುಗಳಿಗೆ ಹೋಗಿ ಮೆಣಸು ಮಾರಿ ಬರುತ್ತಿದ್ದ. ವ್ಯಾಪಾರಿ ಕೆಟ್ಟವನಲ್ಲ. ದಾರಿಗೆ ತುಪ್ಪ ಸುರಿದ ಬುತ್ತಿ ಕಟ್ಟಿಸಿಕೊಡುತ್ತಿದ್ದ, ಹೊದೆಯಲು ಒಳ್ಳೆಯ ಕಂಬಳಿ ಕೊಡಿಸುತ್ತಿದ್ದ. “ನಿನ್ನ ಮನೆ ಇಲ್ಲೇ ಇದೆಯಲ್ಲ, ನಿನಗೇನು ಕಡಿಮೆ?” ಎನ್ನುತ್ತಿದ್ದ. ಆದರೆ ಗುಮಾಸ್ತ ಹಡಗಿನಿಂದ ಇಳಿದೊಡನೆ ವ್ಯಾಪಾರಿ ಕೇಳುತ್ತಿದ್ದುದು ಒಂದೇ ಮಾತು: “ಮತ್ತೆ ಯಾವಾಗ ಹೊರಡುತ್ತೀ?”

ಒಂದು ಸಲ ಗುಮಾಸ್ತ ಬಂದಿಳಿದ ಮಾರನೆಯ ದಿನವೇ ಇನ್ನೊಂದು ಹಡಗು ಸಿದ್ಧವಾಯಿತು. ಅವನನ್ನು ಕರೆದೊಯ್ಯಲು ವ್ಯಾಪಾರಿ ತಾನೇ ಅವನ ಮನೆಗೆ ಹೋದ. ಗುಮಾಸ್ತನ ಪುಟ್ಟ ಮಗಳು ವ್ಯಾಪಾರಿಗೆ ಚಾಪೆ ಹಾಸಿ ಬೆಲ್ಲ, ನೀರು ಕೊಟ್ಟಳು. ಸ್ನಾನ ಮುಗಿಸಿ ಬಂದ ಅಪ್ಪನಿಗೂ ಪಕ್ಕದಲ್ಲೇ ಇನ್ನೊಂದು ಚಾಪೆ ಹಾಸಿ, ಹಾಗೆಯೇ ಬೆಲ್ಲ, ನೀರು ಕೊಟ್ಟಳು. ವ್ಯಾಪಾರಿ ಮೆಚ್ಚಿ ತಲೆದೂಗಿದ.

ಹೊರಡುವಾಗ ಗುಮಾಸ್ತ, “ಹೋಗಿ ಬರ್ತೇನೆ, ಮಗಳೇ” ಎಂದ.

ಮಗು ಅಪ್ಪನಿಗೆ ಕೈಮುಗಿದು, ಮನೆಗೆ ಬಂದ ನೆಂಟರಿಗೆ ಅಮ್ಮ ಹೇಳುವುದನ್ನೇ ಹೇಳಿತು: “ಆಗಾಗ ಬರ್ತಾ ಇರಿ.”

“ಎಷ್ಟು ಚೆನ್ನಾಗಿ ಮಾತು ಕಲಿಸಿದ್ದೀಯಪ್ಪ!” ಎಂದು ವ್ಯಾಪಾರಿ ನಕ್ಕ. ಗುಮಾಸ್ತ ನಗಲಿಲ್ಲ. ಅವನಿಗೆ ಅಳು ಬಂದಿತ್ತು. ಮೆಟ್ಟಿದ ಚಪ್ಪಲಿಯನ್ನು ಕಳಚಿಟ್ಟು ಒಳಗೆ ಹೋದ. ಹಡಗು ಅವನಿಲ್ಲದೆ ಹೊರಟಿತು.

ಗುರುಗಳು ಕತೆ ನಿಲ್ಲಿಸಿದರು. ಶಾಂತಮಲ್ಲ, “ಹಾಗಾದರೆ ದೂರದ ಕೆಲಸಕ್ಕೆ ಯಾರನ್ನೂ ಕಳಿಸಲೇಬಾರದೇ?” ಎಂದ.

“ಧಾರಾಳವಾಗಿ ಕಳಿಸು, ಆದರೆ ಅವನು ‘ಹೋಗಿ ಬರುತ್ತೇನೆ’ ಎಂದಾಗಲೆಲ್ಲ ನೀನು ಕೇಳಿಸಿಕೊಂಡದ್ದು ‘ಹೋಗಿ’ ಎಂಬುದನ್ನಷ್ಟೇ.”