ಮೂರನೇ ಸದ್ದು

ತುಂಗಭದ್ರೆಯ ದಂಡೆಯಲ್ಲಿ ಖಾಸಿಂ ಉಸ್ತಾದರ ತಗಡಿನ ಗರಡಿ ಇತ್ತು. ಅಲ್ಲಿ ಅವರು ಬಾಕ್ಸಿಂಗ್ ಕಲಿಸುತ್ತಿದ್ದರು.

ಒಂದು ಮುಂಜಾನೆ ಶಿಷ್ಯೆ ಹಾಲಮ್ಮ ಬಂದವಳೇ, ಯಾರನ್ನೂ ಮಾತಾಡಿಸದೆ ಸ್ಪೀಡ್ ಬ್ಯಾಗಿನ ಮುಂದೆ ನಿಂತಳು. ಮರದ ಹಲಗೆಯ ಕೆಳಗೆ ತೂಗುವ, ತೆಂಗಿನಕಾಯಿಯಷ್ಟು ದಪ್ಪದ ಚರ್ಮದ ಚೀಲ ಅದು. ಹಲ್ಲು ಕಚ್ಚಿ ಗುದ್ದಿದಳು. ಚೀಲ ಎತ್ತಲೋ ಹಾರಿ, ತಿರುಗಿ ಬಂದು ಅವಳ ಮೂಗಿಗೇ ಬಡಿಯಿತು.

ಹಿಂದಿನ ದಿನ ರಾಜ್ಯ ತಂಡದ ಆಯ್ಕೆಯಲ್ಲಿ ಅವಳು ಸೋತಿದ್ದಳು. ಸೋಲು ಅಷ್ಟಾಗಿ ಚುಚ್ಚಿರಲಿಲ್ಲ. ಆಯ್ಕೆ ಸಮಿತಿಯ ಹಿರಿಯ ಎಲ್ಲರೆದುರು ನಕ್ಕು ಆಡಿದ ಮಾತು ಚುಚ್ಚಿತ್ತು.

“ಹಮಾಲನ ಮಗಳಲ್ಲವಾ? ಇದು ಮೂಟೆ ಎತ್ತೋ ಕೈ. ರಿಂಗಿಗೆ ಓಡೋ ಕೈ ಬೇಕು.”

ಮತ್ತೆ ಗುದ್ದಿದಳು. ಮತ್ತೆ ತಪ್ಪಿತು.

“ಯಾರಿಗೆ ಹೊಡೀತಿದ್ದೀಯವ್ವ?” ಉಸ್ತಾದರು ಕೇಳಿದರು.

“ಚೀಲಕ್ಕೆ.”

ಉಸ್ತಾದರು ಸ್ಟೂಲು ಹತ್ತಿ ಚೀಲವನ್ನು ಬಿಚ್ಚಿದರು. ಕಂಕುಳಲ್ಲಿ ಇಟ್ಟುಕೊಂಡು ಕೆಳಗಿಳಿದರು.

“ಈಗ ಹೊಡಿ.”

“ಚೀಲಾನೇ ಇಲ್ಲವಲ್ಲ!”

“ಇದ್ದಾಗಲೂ ನೀನು ಅದಕ್ಕೆ ಹೊಡೀಲಿಲ್ಲ. ಆ ಮನುಷ್ಯನ ಮುಖಕ್ಕೆ ಹೊಡೀತಿದ್ದೆ. ಅದಕ್ಕೆ ಚೀಲ ಯಾಕೆ ಬೇಕು?”

ಚೀಲದ ಸಮೇತ ಅವರು ಹೊಳೆಯ ಕಡೆ ನಡೆದುಬಿಟ್ಟರು.

ಹಾಲಮ್ಮನ ಕಣ್ಣು ತುಂಬಿತು. ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಬಿಸಿಲೇರುವ ತನಕ ಆ ಖಾಲಿ ಹಲಗೆಯ ಕೆಳಗೇ ನಿಂತಳು.

ಉಸ್ತಾದರು ಮರಳಿ ಬಂದಾಗ ಅವಳು ಕೈ ಕಟ್ಟಿ ನಿಂತಿದ್ದಳು. ಬೇಡಿಕೊಳ್ಳುವವಳ ಹಾಗಲ್ಲ, ದಾರಿಗೆ ಅಡ್ಡ ನಿಂತವಳ ಹಾಗೆ.

“ಚೀಲ ಕಟ್ಟಿ ಉಸ್ತಾದ್ರೇ. ನಾನು ಹೋಗೋದಿಲ್ಲ.”

ಉಸ್ತಾದರು ಕಟ್ಟಿದರು.

“ಮುಷ್ಟಿ ಸಡಿಲ ಬಿಡು. ಮೆಲ್ಲಗೆ ಒಂದೇ ಪೆಟ್ಟು. ಹೊಡೆದು ಕೇಳು.”

ಹೊಡೆದಳು. ಚೀಲ ಹಲಗೆಗೆ ಬಡಿಯಿತು. ಆ ಕಡೆ, ಈ ಕಡೆ, ಮತ್ತೆ ಆ ಕಡೆ.

“ಮೂರನೇ ಸದ್ದು ಆದಮೇಲೆ ಮುಂದಿನ ಪೆಟ್ಟು.”

“ಕಾಯ್ತಾ ನಿಂತರೆ ವೇಗ ಎಲ್ಲಿಂದ ಬರ್ತದೆ?”

“ಅವಸರ ಮಾಡಿದೆಯಲ್ಲ, ಬಂತಾ?”

ಅವಳು ಮೂಗು ಮುಟ್ಟಿಕೊಂಡಳು.

ಅಂದಿನಿಂದ ಒಂದು ಪೆಟ್ಟು, ಮೂರು ಸದ್ದು. ಗರಡಿಯ ಹುಡುಗರು ಚುಡಾಯಿಸಿದರು: “ಏನು ಹಾಲಮ್ಮ, ಹಾಲು ಕರೀತಿದ್ದೀಯಾ?” ಅವಳು ತಿರುಗಿಯೂ ನೋಡಲಿಲ್ಲ. ಉಸ್ತಾದರೂ ಬಿಡಲಿಲ್ಲ.

“ನಿನ್ನ ಕೈ ದಾವಣಗೆರೆ ತನಕ ಹೋಗಿ ಬರ್ತಿದೆ. ಗಲ್ಲದ ಮುಂದೇನೇ ಇರಲಿ. ಬಳೆಯಷ್ಟು ಸಣ್ಣ ಸುತ್ತು ಸಾಕು.”

ಬಲಗೈ ಕಲಿಯಿತು. ಎಡಗೈ ಹಟ ಮಾಡಿತು. ಅವಳ ಹಟ ಅದಕ್ಕಿಂತ ದೊಡ್ಡದು. ತೋಳು ಸೋತು ಜೋತುಬಿದ್ದಾಗಲೂ ಮರುದಿನ ಎಲ್ಲರಿಗಿಂತ ಮೊದಲು ಬಂದು ನಿಂತಳು.

ಮಳೆಗಾಲ ಕಳೆಯಿತು. ಒಂದು ಮುಂಜಾನೆ ಸದ್ದುಗಳ ನಡುವಿನ ಸಂದು ಕಿರಿದಾಗುತ್ತಾ ಬಂತು. ಎಡ, ಬಲ, ಎಡ, ಬಲ. ಚೀಲ ಕಣ್ಣಿಗೆ ಕಾಣದಾಯಿತು. ಅದರಲ್ಲಿ ಯಾರ ಮುಖವೂ ಇರಲಿಲ್ಲ. ತಗಡಿನ ಮೇಲೆ ಆಲಿಕಲ್ಲು ಸುರಿದಂತೆ ಹಲಗೆ ಮೊಳಗಿತು. ಹುಡುಗರು ತಮ್ಮ ತಮ್ಮ ಕೆಲಸ ಬಿಟ್ಟು ನೋಡುತ್ತಾ ನಿಂತರು.

“ಉಸ್ತಾದ್ರೇ, ನಾನು ಜೋರು ಮಾಡಲೇ ಇಲ್ಲ!” ಅವಳು ಬೆರಗಾಗಿ ಕೂಗಿದಳು.

“ಗೊತ್ತು. ನಿಲ್ಲಿಸಬೇಡ.”

ಮರುವರ್ಷ ಮತ್ತೆ ಆಯ್ಕೆ ನಡೆಯಿತು. ಮೇಜಿನ ಹಿಂದೆ ಅದೇ ಹಿರಿಯ ಕೂತಿದ್ದ. ಎದುರಾಳಿ ಹಾಲಮ್ಮನಿಗಿಂತ ಗೇಣುದ್ದ ಎತ್ತರ. ಮೊದಲ ಸುತ್ತಿನಲ್ಲೇ ಹಾಲಮ್ಮನ ತುಟಿ ಒಡೆಯಿತು. ಅವಳು ಹಿಂದೆ ಸರಿಯಲಿಲ್ಲ. ಎರಡನೇ ಸುತ್ತಿನಲ್ಲಿ ಒಳನುಗ್ಗಿದಳು. ಅವಳ ಕೈ ಹೋದದ್ದೂ ಬಂದದ್ದೂ ಎದುರಾಳಿಗೆ ತಿಳಿಯಲಿಲ್ಲ. ಪಂದ್ಯ ಮುಗಿದಾಗ ರೆಫರಿ ಎತ್ತಿದ್ದು ಹಾಲಮ್ಮನ ಕೈಯನ್ನು.

ಹಿರಿಯ ಎದ್ದು ಬಂದ. ಮುಖದ ತುಂಬ ನಗು.

“ಭಲೇ ಹುಡುಗಿ! ಅವತ್ತು ನಾನು ಹಾಗೆ ಚುಚ್ಚದಿದ್ದರೆ ನೀನು ಇಷ್ಟು ಬೆಳೀತಿದ್ದೆಯಾ? ನನಗೂ ಗುರುದಕ್ಷಿಣೆ ಬರಬೇಕು ನೋಡು!”

ಸುತ್ತಲಿದ್ದವರು ನಕ್ಕರು. ಅವನು ಕೈ ಚಾಚಿದ.

ಹಾಲಮ್ಮ ಆ ಕೈಯನ್ನು ನೋಡಿದಳು. ತನ್ನ ಕೈ ಕೊಡಲಿಲ್ಲ.

“ಕಲಿಸಿದವರು ಇಲ್ಲಿದ್ದಾರೆ,” ಎಂದು ಉಸ್ತಾದರ ಪಕ್ಕಕ್ಕೆ ಸರಿದಳು.

ನಗು ನಿಂತಿತು. ಮುಂದಿನ ಆಯ್ಕೆಗಳೂ ಆ ಮನುಷ್ಯನ ಕೈಯಲ್ಲೇ ಇದ್ದವು. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಅವಳಿಗೂ.

ಹಿರಿಯ ಉಸ್ತಾದರ ಕಡೆ ತಿರುಗಿದ. “ನೀವಾದರೂ ಹೇಳಿ. ನನ್ನ ಮಾತಿಂದ ತಾನೇ ಇವಳ ಕೈ ಓಡಿದ್ದು?”

ಉಸ್ತಾದರು ಶಿಷ್ಯೆಯ ತುಟಿಯ ರಕ್ತ ಒರೆಸುತ್ತಿದ್ದರು. ತಲೆ ಎತ್ತದೆಯೇ ಹೇಳಿದರು:

“ಇಲ್ಲ ಸಾಹೇಬ್ರೇ. ನಿಮ್ಮನ್ನ ಮರೆತ ಮೇಲೆ ಓಡಿತು.”