ಮೊದಲ ತುತ್ತಿಗೆ ಕಾದ ಪಂಕ್ತಿ

ಹಿರೇಕುಂಟೆ ಮಠದ ಪೂಜ್ಯ ಶಿವಲೀಲಾನಂದ ಶ್ರೀಗಳು ಗದ್ದುಗೆಯ ಮೇಲೆ ಕೂತದ್ದನ್ನು ಕಂಡವರು ಕಡಿಮೆ. ದಾಸೋಹದ ವೇಳೆಗೆ ಭಕ್ತರ ನಡುವೆ ಹಳೆಯ ಚಾಪೆಯೇ ಅವರ ಆಸನ. ಭಕ್ತರಿಗೆ ಅವರು ಅಜ್ಜನವರು; ಅವರು ಮೊದಲ ತುತ್ತು ಎತ್ತುವವರೆಗೆ ಯಾರೂ ಉಣ್ಣುವಂತಿಲ್ಲ. ಅದು ಆ ಮಠದ ಕಟ್ಟಳೆ.

ಅಲ್ಲಿ ರೊಟ್ಟಿ ಬಡಿದು ನೀಡುವ ಸೇವೆ ಹೊಳೆಬಸವ್ವನದು. ಗಂಡ ತೀರಿದ ಮೇಲೆ ಆ ಸೇವೆಯೇ ಆಕೆಗೆ ಉಸಿರು. ಈಚೆಗೆ ಆಕೆಯ ಕುತ್ತಿಗೆಯ ಸುತ್ತ ಕಪ್ಪು ಪಟ್ಟಿ ಮೂಡಿ ಚರ್ಮ ದಪ್ಪಗಾಗಿತ್ತು. ಕೆಲವರು ಕೊಳೆ ಎಂದರು, ಕೆಲವರು ಅಂಟುರೋಗ ಎಂದರು. ದಾಸೋಹದ ಉಸ್ತುವಾರಿ ಕೊಟ್ಟೂರಯ್ಯನವರು ಮಡಿಯ ವಿಷಯದಲ್ಲಿ ಬಲು ಬಿಗಿ. "ನಾಳಿಂದ ನೀಡಾಕ ಬರಬ್ಯಾಡವಾ" ಎಂದುಬಿಟ್ಟರು. ಪಾಪ, ಆಕೆ ಹಿತ್ತಲಿಗೆ ಹೋಗಿ ತೆಂಗಿನ ನಾರಿನಿಂದ ರಕ್ತ ಒಸರುವಂತೆ ತಿಕ್ಕಿಕೊಂಡಳು. ಕಪ್ಪು ಮಾತ್ರ ಹೋಗಲಿಲ್ಲ.

ಮರುದಿನ ಆಕೆ ಮಠದ ಹಿತ್ತಲಲ್ಲೇ ಉಳಿದಳು; ಒಳಗೆ ಪಂಕ್ತಿ ಕೂತಿತು. ಬಿಸಿ ರೊಟ್ಟಿ, ಪುಂಡಿಪಲ್ಯದ ವಾಸನೆಗೆ ಎಲ್ಲರ ಬಾಯಲ್ಲೂ ನೀರು. ಅಜ್ಜನವರ ಕೈ ಮೇಲೇಳಲೇ ಇಲ್ಲ.

"ಬಸವ್ವ ಎಲ್ಲಿ?"

"ಆಕಿ ಕುತ್ತಿಗಿಗೆ ಏನೋ ಆಗೇತ್ರಿ ಅಜ್ಜಾರ. ಮಂದಿ ಹೇಸತಾರ" ಎಂದರು ಕೊಟ್ಟೂರಯ್ಯನವರು.

ಅಜ್ಜನವರು ಸದಾ ಹೊದ್ದಿರುತ್ತಿದ್ದ ಕಾವಿ ಶಾಲನ್ನು ತೆಗೆದು ಪಕ್ಕಕ್ಕಿಟ್ಟರು. ರುದ್ರಾಕ್ಷಿಯ ಕೆಳಗೆ, ಕುತ್ತಿಗೆಯ ಸುತ್ತಲೂ, ಅದೇ ಕಪ್ಪು!

"ಕೊಳಿ ಅಲ್ಲೋ ತಮ್ಮಾ. ನಂದು ಸಕ್ಕರಿ ಜಡ್ಡಿನ ಗುರುತು ಅಂತ ಡಾಕ್ಟರು ಹೇಳ್ಯಾರ. ಅಂಟೂದಿಲ್ಲ. ಇದನ್ನ ಮುಚ್ಚಿಕೊಂಡಿದ್ದು ನನ್ನ ತಪ್ಪು. ಈಗ ನನ್ನನ್ನೂ ಎಬ್ಬಸ್ತೀಯೇನು?"

ಕೊಟ್ಟೂರಯ್ಯನವರ ಮುಖ ಬಾಡಿತು. ತಾವೇ ಹಿತ್ತಲಿಗೆ ಓಡಿದರು. "ಬಾರವ್ವ ತಂಗಿ, ತಪ್ಪಾತು. ಮಂದಿ ಹಸದೈತಿ."

ಹೊಳೆಬಸವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಕೈ ತೊಳೆದು ಬಂದು ಅಜ್ಜನವರ ತಟ್ಟೆಗೆ ರೊಟ್ಟಿ ನೀಡಿದಳು.

"ನಾಳೆ ಇಬ್ರೂ ದವಾಖಾನಿಗೆ ಹೋಗೂಣು. ನಿಂದೂ ಸಕ್ಕರಿನ ಆದ್ರ ಇಬ್ರೂ ಗುಳಿಗಿ ತಗೊಳ್ಳೂಣು" ಎಂದ ಅಜ್ಜನವರು ಬೆಲ್ಲದ ಹುಗ್ಗಿಯ ಪಾತ್ರೆಯತ್ತ ಆಸೆಯಿಂದ ನೋಡಿದರು. "ಆದ್ರ ಹುಗ್ಗಿ ನಿನಗೂ ಇಲ್ಲ, ನನಗೂ ಇಲ್ಲ!"

ಪಂಕ್ತಿಯೆಲ್ಲ ಗೊಳ್ಳೆಂದು ನಕ್ಕಿತು; ಅತ್ತ ಕಣ್ಣಲ್ಲೇ ಬಸವ್ವನೂ ನಕ್ಕಳು. ಅಜ್ಜನವರು ತುತ್ತು ಎತ್ತಿದರು. ಆಹಾ, ಅಂದಿನ ರೊಟ್ಟಿಯ ರುಚಿಯನ್ನು ಉಂಡವರೇ ಬಲ್ಲರು. ಆಕೆಗೂ ಅದೇ ಜಡ್ಡೆಂದು ಮರುದಿನ ಗೊತ್ತಾಯಿತು. ಔಷಧ ಶುರುವಾಯಿತು, ಸೇವೆ ನಿಲ್ಲಲಿಲ್ಲ. ಶ್ರೀಗಳು ಮತ್ತೆಂದೂ ಶಾಲಿನಿಂದ ಕುತ್ತಿಗೆ ಮುಚ್ಚಲಿಲ್ಲ.

ಕೊಟ್ಟೂರಯ್ಯನವರು ಈಗ ದಾಸೋಹದ ಬಾಗಿಲಲ್ಲೇ ನಿಂತಿರುತ್ತಾರೆ. ಯಾರ ಕುತ್ತಿಗೆ ಹಾಗೆ ಕಪ್ಪಗೆ ಕಂಡರೂ ಕೈಮುಗಿದು ಒಳಗೆ ಕರೆದು ಕೂರಿಸಿ, ಮೆಲ್ಲಗೆ ಹೇಳುತ್ತಾರೆ: "ನಮ್ಮ ಅಜ್ಜಾರಿಗೂ ಐತ್ರಿ. ಮೊದಲ ಉಣ್ರಿ, ಆಮ್ಯಾಲ ರಕ್ತ ತಪಾಸಣಿ ಮಾಡಿಸಿಕೊಂಡ್ ಬರೂಣು, ನಾನೂ ಬರ್ತೀನಿ."