ಹೊಟ್ಟೆ ತುಂಬಿದ ಕೌದಿ

ಒಂದಾನೊಂದು ಕಾಲದಲ್ಲಿ, ಅಂದ್ರೆ ಸ್ವೆಟರ್ರು ಗಿಟರ್ರು ಏನೂ ಇಲ್ಲದ ಕಾಲದಲ್ಲಿ, ಒಂದು ಕೆರೆ ದಂಡೇಲಿ ಕೊಟ್ರವ್ವ ಅಂತ ಒಬ್ಬಳು ಅಜ್ಜಿ ಇದ್ದಳಂತೆ. ನಗಬೇಡ ಚಿನ್ನಿ, ನಕ್ರೆ ನಂಗೆ ಮರೆತುಹೋಗುತ್ತೆ. ಆ ಅಜ್ಜಿಗೆ ಎಂಥಾ ಚಳಿ ಅಂದ್ರೆ, ಅವಳು ನಡುಗೋ ನಡುಕಕ್ಕೆ ಮಂಚ ಕುಣಿದು ಕುಣಿದು ಬೆಳಗಾಗೋದ್ರೊಳಗೆ ಬಾಗಿಲ ಹತ್ರ ಬಂದಿರ್ತಿತ್ತಂತೆ. ನಿದ್ದೆ ಅನ್ನೋದೇ ಇಲ್ಲ. ಆಮೇಲೆ ಅವಳು ಮೂರೂ ಜನ ಸೊಸೇರನ್ನ ಕರೆದು, ನೋಡ್ರವ್ವಾ, ನನ್ನ ಯಾರು ಬೆಚ್ಚಗೆ ಮಲಗಿಸ್ತೀರೋ ಅವರಿಗೇ ಉಗ್ರಾಣದ ಬೀಗದಕೈ, ಅಂದಳಂತೆ. ಉಗ್ರಾಣದ ತುಂಬ ಬೆಲ್ಲ, ತುಪ್ಪ, ಕೊಬ್ಬರಿ. ಸೊಸೇರ ಬಾಯಲ್ಲಿ ನೀರು.

ಮೊದಲು ಹಿರೇ ಸೊಸೆ ಕುರಿ ಉಣ್ಣೆ ಕಂಬಳಿ ಹೊದಿಸಿದಳಂತೆ. ಬೆಚ್ಚಗೇನೋ ಆಯ್ತು, ಆದ್ರೆ ಚುಚ್ಚಿ ಚುಚ್ಚಿ ಅಜ್ಜಿ ಬೆಳಗಾಗೋವರೆಗೂ ಮೈ ಕೆರ್ಕೊಂಡು, ಇದು ಕಂಬಳಿನೋ ಮುಳ್ಳುಬೇಲಿನೋ ಅಂತ ಎಸೆದಳಂತೆ. ಆಮೇಲೆ ನಡುವಿನ ಸೊಸೆ ಒಂದು ಮಣ ಹತ್ತಿ ತುಂಬಿದ ರಜಾಯಿ ಹೊದಿಸಿದಳಂತೆ. ಆ ಭಾರಕ್ಕೆ ಅಜ್ಜಿ ಮಿಸುಕಾಡಕ್ಕೂ ಆಗದೆ, ಮಲಗಿಸು ಅಂದೆ ಕಣೇ, ಹೂಳು ಅಂದ್ನಾ ಅಂತ ಒಳಗಿಂದಲೇ ಕೂಗಿದಳಂತೆ.

ಆಮೇಲೆ ಕಿರೇ ಸೊಸೆ ಹೊನ್ನಿ. ಅವಳು ಮೂರು ಬಾತುಕೋಳಿ ಸಾಕಿದ್ದಳು. ಬಾತುಕೋಳಿ ಮೊಟ್ಟೆ ಇಡುವಾಗ ತನ್ನ ಎದೆ ಪುಕ್ಕ ತಾನೇ ಕಿತ್ತು ಗೂಡಿಗೆ ಹಾಸುತ್ತಲ್ಲ, ಊದಿದ್ರೆ ಹಾರೋ ಅಂಥಾ ಮೆತ್ತನೆ ಪುಕ್ಕ, ಅದನ್ನ ಮರಿಗಳು ಎದ್ದುಹೋದ ಗೂಡಿಂದ ಆಯ್ದು ಆಯ್ದು ಮೂರು ವರ್ಷ ಕೂಡಿಟ್ಟಿದ್ದಳಂತೆ. ಹಳೇ ಸೀರೆ ಮಡಚಿ, ಮಧ್ಯ ಆ ಪುಕ್ಕ ತುಂಬಿ ಕೌದಿ ಹೊಲಿದಳಂತೆ. ಆ ಊರಲ್ಲಿ ಕೌದಿ ಮುಗಿಸುವಾಗ ಕೊನೇ ಮೂಲೇಲಿ ಒಂದು ಚೂರು ರೊಟ್ಟಿ ಇಟ್ಟೇ ಹೊಲೀಬೇಕು, ಇಲ್ಲಾಂದ್ರೆ ಕೌದಿ ಹಸ್ಕೊಂಡಿರುತ್ತಂತೆ. ಹೊನ್ನಿ, ಅತ್ತೆ ಕೌದಿ ಅಲ್ವಾ, ಚೆನ್ನಾಗಿ ತಿನ್ಲಿ ಅಂತ ನಾಲ್ಕೂ ಮೂಲೆಗೆ ಇಡೀ ಇಡೀ ರೊಟ್ಟಿ, ಜೊತೆಗೆ ಒಂದೊಂದು ಹಿಡಿ ಜೋಳ ಹಾಕಿಬಿಟ್ಟಳಂತೆ.

ಅಜ್ಜಿ ಹೊದ್ದಳು. ಅಯ್ಯೋ ಹೊನ್ನೀ, ಮೋಡ ಹೊದ್ದಂಗಿದೆ ಕಣೇ ಅಂತ ಕಣ್ಣು ಮುಚ್ಚಿದ್ದೇ ತಡ, ಮೂರೂ ಬಾತುಕೋಳಿ ಕ್ವಾಕ್ ಕ್ವಾಕ್ ಅಂತ ಒಳಗೆ ಬಂದು, ಮಂಚ ಹತ್ತಿ, ಜೋಳಕ್ಕೋಸ್ಕರ ಕೌದಿ ಕುಕ್ಕಿ ಕುಕ್ಕಿ ಹರಿದವಂತೆ. ಪುಕ್ಕ ಬುಸ್ಸಂತ ಮನೆ ತುಂಬ ಎದ್ದಿತಂತೆ. ಹಿರೇ ಸೊಸೆ ಆಕ್ಷೀ! ನಡುವಿನ ಸೊಸೆ ಆಕ್ಷೀ! ಆ ಸೀನಿನ ಗಾಳಿಗೆ ಅಷ್ಟೂ ಪುಕ್ಕ ಕಿಟಕಿಯಿಂದ ಕೆರೆಗೆ ಹೋಯ್ತಂತೆ. ಹೊನ್ನಿ ಅಳ್ತಾ, ಮೂರು ವರ್ಷದ ಪುಕ್ಕ ಹೋಯ್ತು ಅತ್ತೇ, ಅಂದಳಂತೆ. ಅತ್ತೆ ಕಡೆ ತಿರುಗಿ ನೋಡಿದ್ರೆ, ತಿಂದು ಹೊಟ್ಟೆ ತುಂಬಿದ ಬಾತುಕೋಳಿ ಒಂದು ಅಜ್ಜಿ ಪಾದದ ಮೇಲೆ, ಒಂದು ಹೊಟ್ಟೆ ಮೇಲೆ, ಒಂದು ಕುತ್ತಿಗೆ ಪಕ್ಕ ಒತ್ತಿ ಕೂತಿದ್ವಂತೆ. ಅಜ್ಜಿ ಗೊರ್ ಗೊರ್ ಅಂತ ಗೊರಕೆ.

ಮಾರನೇ ದಿನ ಮಧ್ಯಾಹ್ನ ಎದ್ದು, ನನ್ನ ಮಲಗಿಸಿದ್ದು ನೀವ್ಯಾರೂ ಅಲ್ರೇ, ಇವಳು ಅಂತ ದಪ್ಪನೆ ಬಾತುಕೋಳಿ ಕೊರಳಿಗೆ ಬೀಗದಕೈ ಕಟ್ಟಿದಳಂತೆ. ಆಮೇಲೆ ಬೆಲ್ಲ ಬೇಕು ಅಂದ್ರೆ ಸೊಸೇರು ಕೆರೆ ದಂಡೇಲಿ ನಿಂತು, ಬಾರೇ ತಾಯಿ, ದಮ್ಮಯ್ಯ, ಅಂತ ಕೈ ಮುಗೀಬೇಕಿತ್ತಂತೆ. ಅದು ಹೊನ್ನಿ ಕರೆದ್ರೆ ಮಾತ್ರ ಬರ್ತಿತ್ತಂತೆ. ಜೋಳ ಇರ್ತಿದ್ದುದು ಅವಳ ಮಡಿಲಲ್ಲೇ ಅಲ್ವಾ. ಹಂಗೇ ಹೊನ್ನಿ ಬೆಲ್ಲ ತಿಂತಾ, ಬಾತುಕೋಳಿ ಜೋಳ ತಿಂತಾ, ಅಜ್ಜಿ ಗೊರಕೆ ಹೊಡೀತಾ ಸುಖವಾಗಿದ್ರಂತೆ, ನನ್ನ ಕತೆನೂ ಮುಗೀತು.

ಏಯ್, ನಮ್ಮ ಕೌದಿ ಮೂಲೆ ಬಿಚ್ಚಬೇಡ ಕಣೇ. ರೊಟ್ಟಿ ಇದ್ಯೋ ಇಲ್ವೋ ಬೆಳಿಗ್ಗೆ ನೋಡೋಣ, ಮಲ್ಕೋ.